ಲೇಸರ್‌ಗೆ ಮಣ್ಣಿನ ಹರವಿ: ಐದನೇ ದಸರಾ ದಾಟಿದ ಟ್ಯೂಬು

ನನ್ನ ಕೆ40 ಅಂದರೆ ಮರ, ಅಕ್ರಿಲಿಕ್ ಕೊರೆಯುವ ಚಿಕ್ಕ ಲೇಸರ್ ಮೆಷಿನ್. ಲೇಸರ್ ಹುಟ್ಟೋದು ಅದರ ಗಾಜಿನ ಟ್ಯೂಬಿನಲ್ಲಿ, ಆ ಟ್ಯೂಬನ್ನು ಸದಾ ನೀರು ಹರಿಸಿ ತಣಿಸಬೇಕು. ಮೊದಲ ಟ್ಯೂಬು ಹತ್ತು ತಿಂಗಳಿಗೆ ಹೋಯ್ತು, ಎರಡನೆಯದು ಒಂದೂಕಾಲು ವರ್ಷಕ್ಕೆ. ಮೂರನೆಯದು ಈ ಸಲ ಐದನೇ ದಸರಾ ಬೊಂಬೆ ಆರ್ಡರು ಮುಗಿಸಿತು. "ಲೇಸರ್‌ಗೆ ಮಡಕೆಯೇನ್ರೀ?" ಅಂತ ನಕ್ಕಿದ್ದವರೇ ಈಗ ಹರವಿಯ ಅಳತೆ ಕೇಳ್ತಾರೆ. ಅದಕ್ಕೇ ಬರೀತಿದ್ದೀನಿ.

ಮೆಷಿನ್ ಇರೋದು ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯ ಸ್ಕೂಟರ್ ಶೆಡ್ಡಿನಲ್ಲಿ. ಕೊಂಡಾಗ ಕಸ್ಟಮ್ಸ್ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು. ಆಮೇಲೆ ಸುರಿದದ್ದೂ ಹೆಚ್ಚುಕಮ್ಮಿ ಅಷ್ಟೇ.

ಮೊದಲ ಟ್ಯೂಬನ್ನು ಕೊಂದವನು ನಾನೇ. ತಣಿಸುವ ಬಕೆಟ್ಟಿಗೆ ಕರೆಂಟ್ ಹರಿಯುವಂಥ ಉಪ್ಪಿನ ಬೋರ್ ನೀರು, ಟ್ಯೂಬಿಗೆ ಕೊಟ್ಟ ಕರೆಂಟು ಮೀಟರಿನಲ್ಲಿ 18 ಮಿಲಿಆಂಪ್. ಒಂದು ದಿನ ಹಿಂದುಗಡೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಬಗ್ಗಿ ನೋಡಿದರೆ ಟ್ಯೂಬಿನ ತುದಿಯಲ್ಲಿ ನೇರಳೆ ಕಿಡಿ. ಟ್ಯೂಬಿನ ಜೊತೆ ಪವರ್ ಸಪ್ಲೈಯೂ ಹೋಯ್ತು, ಏಳೆಂಟು ಸಾವಿರ.

ಎರಡನೆಯದು ಕರೆಂಟಿನ ಪಾಲು. ಮೆಷಿನ್ ಯುಪಿಎಸ್ ಮೇಲೆ, ನೀರಿನ ಪಂಪು ಮಾತ್ರ ಸಾದಾ ಪ್ಲಗ್ಗಿನಲ್ಲಿ! ಕರೆಂಟ್ ಹೋದಾಗ ನಾನು ಬಾಗಿಲಲ್ಲಿ ಹಾಲಿನವನ ಲೆಕ್ಕ ನೋಡ್ತಿದ್ದೆ. ವಾಪಸ್ ಬರುವಷ್ಟರಲ್ಲಿ ಗಾಜು ಬಿರುಕು. ನೀರು ನಿಂತರೆ ಲೇಸರನ್ನೂ ನಿಲ್ಲಿಸುವ ಇನ್ನೂರೈವತ್ತು ರೂಪಾಯಿಯ ಫ್ಲೋ ಸ್ವಿಚ್ ಹಾಕಿದ್ದರೆ ಹನ್ನೆರಡು ಸಾವಿರ ಉಳೀತಿತ್ತು.

ಮೂರನೆಯದಕ್ಕೆ ಬ್ಯಾಟರಿ ಅಂಗಡಿಯ ಉಪ್ಪಿಲ್ಲದ ಡಿಸ್ಟಿಲ್ಡ್ ವಾಟರ್ ಹಾಕಿದೆ, ಕರೆಂಟು 12 ಮಿಲಿಆಂಪ್ ಮೀರಿಸಲಿಲ್ಲ, ದಪ್ಪ ಮರವಾದರೆ ಎರಡು ಸುತ್ತು ಓಡಿಸಿದೆ. ಉಳಿದದ್ದು ಬಿಸಿಯ ಕಾಟ. ಏಪ್ರಿಲ್ ಮಧ್ಯಾಹ್ನ ಟ್ಯಾಂಕಿನ ನೀರು 32 ಡಿಗ್ರಿ. ನೀರು ತಣಿಸುವ ಅಗ್ಗದ ರೇಡಿಯೇಟರ್ ಚಿಲ್ಲರು ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲ್ಲ. ಕಂಪ್ರೆಸರ್ ಇರೋದನ್ನು ಕೊಳ್ಳೋಣ ಅಂದರೆ ಮೆಷಿನ್ನಿನ ಅರ್ಧ ಬೆಲೆ. ಐಸ್ ಬಾಟಲಿ ಹಾಕಿದೆ. ಬೇಸಿಗೆಯಲ್ಲಿ ಸರಿಹೋಯ್ತು, ಜುಲೈಯಲ್ಲಿ ಟ್ಯೂಬಿನ ಮೈಯೆಲ್ಲ ಬೆವರು, ಮತ್ತೆ ಅದೇ ಹಲ್ಲಿ ಸದ್ದು. ಪುಣ್ಯಕ್ಕೆ ತಕ್ಷಣ ಆಫ್ ಮಾಡಿದೆ.

ಅಜ್ಜಿ ಮರಳಿನ ಮೇಲೆ ಹರವಿ ಇಡ್ತಿದ್ದದ್ದು ನೆನಪಾಯ್ತು, ಟ್ಯೂಬಿನ ನೀರು ತಣಿಸಲು ಅದನ್ನೇ ಹಿಡಿದೆ. ಡಿಸ್ಟಿಲ್ಡ್ ನೀರನ್ನು ನೇರ ಹರವಿಗೆ ಸುರೀಬೇಡಿ, ಮಣ್ಣಿನ ಉಪ್ಪೆಲ್ಲ ಇಳಿದುಬಿಡುತ್ತೆ. ಸ್ಟೀಲ್ ಡಬ್ಬಿಯಲ್ಲಿ ಆ ನೀರು, ಡಬ್ಬಿ ಹರವಿಯೊಳಗೆ, ನಡುವಿನ ಸಂದಿಗೆ ನಲ್ಲಿ ನೀರು. ಡಬ್ಬಿಗೂ ಮೆಷಿನ್ನಿಗೂ ಅರ್ಥಿಂಗ್ ಗಟ್ಟಿಯಿರಲಿ. ಪ್ಲಾಸ್ಟಿಕ್ ಕ್ಯಾನ್ ಇಟ್ಟು ಒಂದು ವಾರ ದಂಡವಾಯ್ತು, ತಂಪು ಒಳಗೇ ಇಳಿಯಲ್ಲ. ಬಣ್ಣ ಬಳಿದ ಹರವಿಯೂ ಬೇಡ, ಅದು ಬೆವರಲ್ಲ. ಬೆಳಿಗ್ಗೆ ಐದಕ್ಕೆ ನೀರು 23 ಡಿಗ್ರಿಯಲ್ಲಿ ಶುರು. ಒಂದು ಗಂಟೆ ಓಡಿದರೆ 26. ಅಲ್ಲಿಗೆ ಪೈಪು ಎರಡನೇ ಹರವಿಗೆ, ಮೊದಲನೆಯದಕ್ಕೆ ವಿಶ್ರಾಂತಿ. ಪಾಳಿಯ ಲೆಕ್ಕ. ಮಳೆಗಾಲದಲ್ಲಿ ಹರವಿ ಸುಮ್ಮನೆ ಕೂತಿರುತ್ತೆ, ಆಗ ಅದರ ಅಗತ್ಯವೂ ಅಷ್ಟಿಲ್ಲ. ವರ್ಷಕ್ಕೊಮ್ಮೆ ಮಣ್ಣಿನ ರಂಧ್ರ ಕಟ್ಟಿಕೊಳ್ಳುತ್ತೆ. ಅದನ್ನು ಹೇಗೆ ಬಿಡಿಸ್ತೀನಿ ಅನ್ನೋದು ನನ್ನಲ್ಲೇ ಇರಲಿ. ಅಂಟಿಲ್ಲದೆ ಕೂರುವ ಬೊಂಬೆ ಮೆಟ್ಟಿಲಿನ ಜೋಡಣೆ ಅಳತೆಯೂ ಅಷ್ಟೇ, ಅದು ನನ್ನ ಅನ್ನ.

ನಡುವೆ ಆಟಗಳೂ ಆದವು. ಅಡಿಕೆ ಹಾಳೆ ತಟ್ಟೆ ಮೇಲೆ ನಾಮಕರಣದ ಹೆಸರು ಕೊರೆದದ್ದು ಚೆನ್ನಾಗಿ ಬಂತು, ನೂರು ತಟ್ಟೆಗೆ ಸಾವಿರದೈನೂರು ಸಿಕ್ತು. ಮಂಡ್ಯದ ಅಚ್ಚು ಬೆಲ್ಲದ ಮೇಲೆ ಕಬ್ಬಿನ ಚಿತ್ರ ಹಾಕಲು ಹೋದೆ. ಬೆಲ್ಲ ಕರಗಿತು, ಇರುವೆ ವಾರಗಟ್ಟಲೆ ಬೆಲ್ಟಿನ ಮೇಲೆ ಮೆರವಣಿಗೆ ಮಾಡಿದವು. ಯಾರೋ ತಂದ ರೆಕ್ಸಿನ್ ಕೊರೆದದ್ದೊಂದು ದಡ್ಡತನ. ಅದರಲ್ಲಿರೋ ಪಿವಿಸಿ ಪ್ಲಾಸ್ಟಿಕ್ಕಿನ ಹೊಗೆಗೆ ಗಂಟಲು ಉರಿ, ವಾರದೊಳಗೆ ಹಳಿಗಳೆಲ್ಲ ತುಕ್ಕು. ಪಕ್ಕದ ಮನೆಯವರು ಮಾತ್ರ ಎಂಡಿಎಫ್ ಅನ್ನೋ ಮರದ ನಾರಿನ ಹಲಗೆಯ ಹೊಗೆಗೂ "ಇವತ್ತು ಯಾವ ಹೋಮ?" ಅಂತಾರೆ. ಆರಿಂಚಿನ ಫ್ಯಾನು ಹಾಕಿ ಹೊಗೆ ಮಾಳಿಗೆ ಮೇಲೆ ಬಿಟ್ಟಮೇಲೆ ಕೇಳೋದು ಕಮ್ಮಿಯಾಗಿದೆ.

3 ಮಿಲಿಮೀಟರ್ ಅಕ್ರಿಲಿಕ್‌ಗೆ ಮೊದಲು 10 ಮಿಲಿಆಂಪ್ ಸಾಕಿತ್ತು, ಈಗ ಟ್ಯೂಬಿಗೂ ವಯಸ್ಸಾಗಿ 12 ಪೂರ್ತಿ ಬೇಕು. ಹೊಸದನ್ನು ತಂದಿಟ್ಟುಕೊಂಡಿಲ್ಲ, ಟ್ಯೂಬು ಅಟ್ಟದ ಮೇಲೆ ಸುಮ್ಮನೆ ಮಲಗಿದ್ದರೂ ಸೊರಗುತ್ತೆ. ದುಡ್ಡು ಮಾತ್ರ ಡಬ್ಬಿಯಲ್ಲಿದೆ. ಶಿವರಾತ್ರಿ ಕಳೆದ ಮೇಲೆ ಮೂರನೇ ಹರವಿ ತರಬೇಕು, ಒಂದನ್ನು ಬೆಕ್ಕು ಉರುಳಿಸಿದೆ.