ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಪೈಪ್ ನೋಡಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಕಡೆ ಹೊರಟರೆ ನಮ್ಮ ಕಾಕಾನ ಹಳೇ ಡೀಸೆಲ್ ಆಟೋಮ್ಯಾಟಿಕ್ ಕಾರು ಪ್ರತಿ ಗೇರಿಗೂ ಹಿಂದಿನಿಂದ ಯಾರೋ ಒದ್ದ ಹಾಗೆ ಜರ್ಕ್ ಹೊಡೆಯುತ್ತಿತ್ತು. ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರು ಒಂದು ಗ್ಯಾರೇಜಿನವರು. ಕೊನೆಗೆ ಸಿಕ್ಕಿದ್ದು ಬೆರಳುದ್ದದ ರಬ್ಬರ್ ಪೈಪಿನಲ್ಲೊಂದು ಸೀಳು. ಸುಮ್ನೆ ನೋಡಿದರೆ ಕಾಣುತ್ತಿರಲಿಲ್ಲ, ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು.

ಇಂಥ ಗಾಡಿಗಳಲ್ಲಿ ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅನ್ನೋದು ಗೇರ್‌ಬಾಕ್ಸಿಗೆ ಗೊತ್ತಾಗುವುದು ವ್ಯಾಕ್ಯೂಮ್‌ನಿಂದ, ಅಂದರೆ ಪೈಪಿನಲ್ಲಿ ಗಾಳಿಯ ಎಳೆತದಿಂದ. ಗೇರ್‌ಬಾಕ್ಸಿಗೆ ಕೂರಿಸಿದ ಮಾಡ್ಯುಲೇಟರ್ ಅನ್ನೋ ಡಬ್ಬಿಗೆ ವ್ಯಾಕ್ಯೂಮ್ ಜಾಸ್ತಿ ಸಿಕ್ಕರೆ ಗೇರ್ ಮೆತ್ತಗೆ ಬೀಳುತ್ತದೆ, ಕಡಿಮೆಯಾದರೆ ಬಿಗಿಯಾಗಿ, ಎಷ್ಟೋ ಗಾಡಿಗಳಲ್ಲಿ ತಡವಾಗಿ. ಪೈಪ್ ಸೋರಿದರೆ ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೀರಿ ಅಂತಲೇ ಅದರ ಲೆಕ್ಕ.

ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿ. ಸುಟ್ಟ ವಾಸನೆ ಬಂದರೆ ತೊಂದರೆ ಒಳಗೇ ಇದೆ.

ಆಯಿಲ್ ಸರಿ ಇದ್ದರೆ ಎಂಜಿನ್ ಆಫ್ ಮಾಡಿ ಮಾಡ್ಯುಲೇಟರ್ ಪೈಪ್ ಕೀಳಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಪೈಪಿನೊಳಗೆ ಗೇರ್‌ಬಾಕ್ಸಿನ ಕೆಂಪು ಎಣ್ಣೆ ಕಂಡರೆ ಮಾಡ್ಯುಲೇಟರ್ ಒಳಗಿನ ಡಯಾಫ್ರಾಮ್ ಅನ್ನೋ ಪೊರೆ ಹರಿದಿದೆ, ಮಾಡ್ಯುಲೇಟರ್ ಬದಲಿಸಿ. ಪೆಟ್ರೋಲ್ ಗಾಡಿಯಲ್ಲಿ ಆ ಎಣ್ಣೆ ಎಂಜಿನ್‌ಗೆ ಹೋಗಿ ಉರಿದು ಬಿಳಿ ಹೊಗೆ ಬರುತ್ತದೆ. ನೆಲದ ಮೇಲೆ ಒಂದು ಹನಿ ಇರಲ್ಲ, ಆಯಿಲ್ ಮಾತ್ರ ಇಳಿಯುತ್ತಿರುತ್ತದೆ.

ಎಣ್ಣೆ ಇಲ್ಲದಿದ್ದರೆ ಅದೇ ಪೈಪಿಗೆ ಟೀ ಜಾಯಿಂಟ್ ಹಾಕಿ ವ್ಯಾಕ್ಯೂಮ್ ಗೇಜ್ ಜೋಡಿಸಿ, ಎಂಜಿನ್ ಚಾಲೂ ಮಾಡಿ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸಬೇಕು ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಬೆಳಗಾವಿ ಸುಮಾರು 2,500 ಅಡಿ ಎತ್ತರದಲ್ಲಿದೆ, ಸಾವಿರ ಅಡಿಗೆ ಹೆಚ್ಚುಕಡಿಮೆ 1 ಇಂಚು ಇಳಿಯುತ್ತದೆ. ಹಾಗಾಗಿ ಇಲ್ಲಿ 16 ಬಂದರೆ ಗಾಬರಿ ಬೇಡ. ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಳ್ಳು ಬೀಳಬೇಕು, ಬಿಟ್ಟ ಕೂಡಲೇ ಏಳಬೇಕು. ನಿಧಾನವಾದರೆ ಪೈಪ್ ಎಲ್ಲೋ ಕಟ್ಟಿಕೊಂಡಿದೆ.

ಡೀಸೆಲ್‌ನಲ್ಲಿ ವ್ಯಾಕ್ಯೂಮ್ ಕೊಡುವುದು ಬೇರೆ ಪಂಪ್. ಹಳೇ ಮರ್ಸಿಡಿಸ್ ಡೀಸೆಲ್‌ಗಳಲ್ಲಿ ಬ್ರೇಕ್ ಬೂಸ್ಟರ್, ಡೋರ್ ಲಾಕ್, ಎಂಜಿನ್ ನಿಲ್ಲಿಸುವುದು ಎಲ್ಲ ಅದರಿಂದಲೇ. ಕೀ ತಿರುಗಿಸಿದರೂ ಎಂಜಿನ್ ನಿಲ್ತಿಲ್ಲ, ಲಾಕ್ ಕೂಡ ಸರಿಯಾಗಿ ಬೀಳ್ತಿಲ್ಲ ಅಂದ್ರೆ ಸೋರಿಕೆ ಬಾಗಿಲೊಳಗೂ ಇರಬಹುದು. ಗಾಡಿ ನಿಲ್ಲಿಸಿಕೊಂಡು ಲಾಕ್ ಲೈನುಗಳನ್ನು ಒಂದೊಂದಾಗಿ ಮುಚ್ಚಿ ಗೇಜ್ ನೋಡಿ. ಬ್ರೇಕ್ ಲೈನ್ ಮುಟ್ಟಬೇಡಿ.

ಮಾಡ್ಯುಲೇಟರ್ ಸ್ಕ್ರೂ ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಜರ್ಕ್ ಹೋಗಲಿ ಅಂತ ಅದರಿಂದ ಗೇರ್‌ಬಾಕ್ಸಿನ ಆಯಿಲ್ ಪ್ರೆಶರ್ ಜಾಸ್ತಿ ಇಳಿಸಿದರೆ ಕ್ಲಚ್ ಪ್ಲೇಟ್ ಜಾರಿ ಸುಟ್ಟುಹೋಗುತ್ತವೆ, ದಯವಿಟ್ಟು ಬೇಡ. ಪೈಪ್ ಹಾಕುವಾಗಲೂ ವ್ಯಾಕ್ಯೂಮ್ ಪೈಪನ್ನೇ ಕೇಳಿ ತನ್ನಿ. ಮೆತ್ತನೆಯ ಪೈಪ್ ಹಾಕಿದರೆ ಎಳೆತಕ್ಕೆ ಒಳಗೇ ಅಂಟಿಕೊಳ್ಳುತ್ತದೆ.