ಅಟ್ಟದ ಮೇಲಿನ ಕಾವಲಿ ಕೆಳಗಿಳಿಸಿ

ಮೊನ್ನೆ ಮೊಮ್ಮಗಳು ಅಟ್ಟ ಖಾಲಿ ಮಾಡ್ತಾ ಇದ್ದಳು. ಹಳೆ ಗೋಣಿಚೀಲದೊಳಗೆ ಕೈ ಹಾಕಿ ದುಂಡಗಿನ ಭಾರದ ವಸ್ತು ಒಂದನ್ನು ಹೊರಗೆ ಎಳೆದಳು. ಮೇಲೆಲ್ಲ ಕೆಂಪು ತುಕ್ಕು, ಹಿಡಿಯ ಹತ್ತಿರ ಜೇಡರ ಬಲೆ. "ಅಜ್ಜಿ, ಇದನ್ನ ಗುಜರಿಗೆ ಹಾಕ್ಲಾ?" ಅಂದಳು. ಬಿಡಿಸುತ್ತಿದ್ದ ಅವರೆಕಾಯಿ ಅಲ್ಲೇ ಬಿಟ್ಟು ಎದ್ದು ಹೋದೆ. ಅದು ನಮ್ಮ ಅತ್ತೆಯವರ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ. ಸಾಗರದ ಮನೆಯಲ್ಲಿ ಅವರು ಎಷ್ಟು ವರ್ಷ ಅದರಲ್ಲಿ ದೋಸೆ ಎರೆದರೋ, ಆಮೇಲೆ ನಾನೂ ಎರೆದೆ, ಬೆಂಗಳೂರಿಗೆ ಬಂದ ಮೇಲೆ ಅದು ಅಟ್ಟ ಸೇರಿತು. ಅದು ಅಟ್ಟದಲ್ಲಿ ಮಲಗಿದ್ದ ಕಳೆದ ಹತ್ತು ವರ್ಷದಲ್ಲಿ ನಮ್ಮ ಅಡುಗೆಮನೆಗೆ ನಾಲ್ಕು ನಾನ್‌ಸ್ಟಿಕ್ ಕಾವಲಿ ಬಂದು ಹೋದವು. ನಾಲ್ಕೂ ಗುಜರಿಗೇ ಹೋದವು.

ಯಾಕೆ ಹೀಗೆ ಅಂತ ಒಮ್ಮೆ ಅರ್ಥ ಮಾಡಿಕೊಂಡರೆ ಮನೆಯ ಅರ್ಧ ಸಾಮಾನಿನ ವಿಷಯ ತಿಳಿದ ಹಾಗೆ. ನಾನ್‌ಸ್ಟಿಕ್ ಕಾವಲಿಯ ಮೇಲಿರುವುದು ತುಂಬ ತೆಳುವಾದ ಒಂದು ಲೇಪ. ಸ್ಟೀಲ್ ಸೌಟು ತಗುಲಿದರೆ ಗೀರು ಬೀಳುತ್ತದೆ. ಖಾಲಿ ಕಾವಲಿಯನ್ನು ಒಲೆಯ ಮೇಲೆ ಮರೆತು ಶಾಖ 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರುವಾಗುತ್ತದೆ. ಕೆಟ್ಟ ಮೇಲೆ ಮನೆಯಲ್ಲಿ ಅದನ್ನು ಮತ್ತೆ ಹಚ್ಚಲು ಆಗುವುದಿಲ್ಲ. ಕಬ್ಬಿಣದ ಕಾವಲಿಯ ಮೇಲಿನ ಕಪ್ಪು ಹೊಳಪು ಏನು ಗೊತ್ತಾ? ಅದು ನಾವೇ ಹಚ್ಚಿದ ಎಣ್ಣೆ, ಶಾಖಕ್ಕೆ ಗಟ್ಟಿಯಾಗಿ ಕೂತದ್ದು. ಹೋದರೆ ಮತ್ತೆ ಹಚ್ಚಿದರಾಯಿತು. ಹಳೆ ಸಾಮಾನು ಬಾಳಿಕೆ ಬರೋದು ಬರೀ ಗಟ್ಟಿ ಇರುವುದಕ್ಕಲ್ಲ, ಕೆಟ್ಟರೆ ಸರಿಮಾಡಬಹುದು ಅನ್ನುವುದಕ್ಕೆ.

ಆ ತುಕ್ಕು ಹಿಡಿದ ಕಾವಲಿಯನ್ನು ಹೇಗೆ ಎಬ್ಬಿಸಿದೆವು ಅಂತ ಹೇಳ್ತೀನಿ. ನಿಮ್ಮ ಅಟ್ಟದಲ್ಲೂ ಒಂದು ಇದ್ದೀತು. ಮೊದಲು ಮರಗೆಲಸದವರು ಬಳಸುವ ಸ್ಯಾಂಡ್‌ಪೇಪರ್‌ನಿಂದ ಒಣಗಿದ್ದಾಗಲೇ ಚೆನ್ನಾಗಿ ಉಜ್ಜಿ, ಕೆಂಪು ಪುಡಿಯನ್ನೆಲ್ಲ ಒರೆಸಿ ತೆಗೆದೆವು. ಆಮೇಲೆ ಎರಡು ದಿನ ಅಕ್ಕಚ್ಚಿನಲ್ಲಿ, ಅಂದರೆ ಅಕ್ಕಿ ತೊಳೆದ ನೀರಿನಲ್ಲಿ, ಮುಳುಗಿಸಿಟ್ಟೆವು. ದಿನಾ ನೀರು ಬದಲಾಯಿಸಬೇಕು. ಮೂರನೇ ದಿನ ತೆಂಗಿನ ನಾರು ಹಾಕಿ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ತಕ್ಷಣ ಸಣ್ಣ ಉರಿಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿದೆವು. ತಕ್ಷಣ ಅಂದರೆ ತಕ್ಷಣವೇ. ಹಾಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪಗಾಗಿಬಿಡುತ್ತದೆ.

ಇನ್ನು ಎಣ್ಣೆ. ಎಲ್ಲರೂ ತಪ್ಪು ಮಾಡೋದು ಇಲ್ಲೇ. ಜಾಸ್ತಿ ಎಣ್ಣೆ ಸುರಿದರೆ ಬೇಗ ಪಳಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ಅಂಟಂಟಾಗುತ್ತದೆ ಅಷ್ಟೆ, ಬೆರಳಿಟ್ಟರೆ ಜಿಗುಟು. ಹತ್ತಿ ಬಟ್ಟೆಯಲ್ಲಿ ಒಂದೇ ಚಮಚ ಎಣ್ಣೆ ತೆಗೆದುಕೊಂಡು ಮೇಲೆ, ಕೆಳಗೆ, ಹಿಡಿಗೆ ಎಲ್ಲ ಹಚ್ಚಿ, ಆಮೇಲೆ ಇನ್ನೊಂದು ಒಣ ಬಟ್ಟೆಯಲ್ಲಿ ಎಣ್ಣೆಯೇ ಇಲ್ಲವೇನೋ ಅನ್ನುವ ಹಾಗೆ ಒರೆಸಿ ತೆಗೆಯಬೇಕು. ಕಿಟಕಿ ತೆರೆದು ಒಲೆಯ ಮೇಲಿಡಿ. ಹೊಗೆ ಬರುತ್ತದೆ. ಹೊಗೆ ನಿಂತ ಮೇಲೆ ಆರಲು ಬಿಡಿ. ಹೀಗೆ ಐದು ಸಲ ಮಾಡಿದೆವು. ಮೊದಲ ಸಲ ಕಂದು ಬಣ್ಣ, ಮೂರನೆಯದಕ್ಕೆ ಕಪ್ಪು, ಐದನೆಯದಕ್ಕೆ ಮೊಮ್ಮಗಳು ಅದರಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳಪು. ಮರುದಿನ ಎರಡು ಈರುಳ್ಳಿ ಹೆಚ್ಚಿ ಅದರಲ್ಲಿ ಕಪ್ಪಗಾಗುವ ತನಕ ಹುರಿದು ಎಸೆದೆವು. ಮೊದಲ ವಾರ ಅಕ್ಕಿರೊಟ್ಟಿ ಮತ್ತು ದಪ್ಪ ದೋಸೆ ಮಾತ್ರ. ಆದರೂ ಮೊದಲ ಮೂರು ದೋಸೆ ಅಂಟಿಕೊಂಡವು, ಅವಳ ಮುಖ ಸಣ್ಣಗಾಯಿತು. ನಾಲ್ಕನೆಯದು ಅಂಚು ತಾನೇ ಬಿಟ್ಟುಕೊಂಡು ಎದ್ದು ಬಂತು. ಈಗ ತೆಳು ನೀರುದೋಸೆಯೂ ಬರುತ್ತದೆ.

ಕಾವಲಿಗೆ ದಿನಾ ಮಾಡಬೇಕಾದ ಆರೈಕೆ ಸ್ವಲ್ಪವೇ. ಸೋಪು ಹಾಕಿ ನೆನೆಸಿಡಬೇಡಿ. ಬಿಸಿನೀರು, ನಾರು, ಒರೆಸಿ ಒಲೆಯ ಮೇಲೆ ಒಂದು ನಿಮಿಷ, ಒಂದು ಹನಿ ಎಣ್ಣೆ. ಹುಳಿ, ಟೊಮೇಟೊ ಗೊಜ್ಜು ಅದರಲ್ಲಿ ಕುದಿಸಬೇಡಿ, ಪಳಗಿದ ಪದರ ಎದ್ದು ಹೋಗುತ್ತದೆ, ಗೊಜ್ಜೂ ಕಪ್ಪಾಗುತ್ತದೆ. ಮುಖ್ಯವಾಗಿ, ಕಾದ ಕಾವಲಿಗೆ ತಣ್ಣೀರು ಸುರಿಯಬೇಡಿ. ಇದು ನಾನು ಕಳೆದುಕೊಂಡು ಕಲಿತ ಪಾಠ. ಅತ್ತೆಯವರ ಹತ್ತಿರ ಮೊದಲು ಎರಡು ಕಾವಲಿ ಇದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಬೇಗ ತೊಳೆದಿಡೋಣ ಅಂತ ಒಲೆಯಿಂದ ಇಳಿಸಿದ್ದನ್ನೇ ಬಚ್ಚಲಿಗೆ ಒಯ್ದು ಚೊಂಬು ನೀರು ಹಾಕಿದೆ. ಟಪ್ ಅಂತ ಸದ್ದು, ಅಂಚಿನಿಂದ ನಡುವಿನ ತನಕ ಬಿರುಕು. ಬೀಡು ಹಾಗೆಯೇ, ಭಾರ ತಡೆಯುತ್ತದೆ, ದಿಢೀರ್ ತಂಪು ತಡೆಯುವುದಿಲ್ಲ. ಅತ್ತೆಯವರು ಬೈಯಲಿಲ್ಲ. "ಬಿಸಿ ಇದ್ದಾಗ ಅದಕ್ಕೆ ನೀರು ತೋರಿಸಬಾರದು ಕಣಮ್ಮ" ಅಂದರು, ಅಷ್ಟೆ. ದೋಸೆಗೆ ಮುಂಚೆ ಕೈಯಿಂದ ಚಿಮುಕಿಸುವ ನಾಲ್ಕು ಹನಿ ಬೇರೆ, ಅದಕ್ಕೇನೂ ಆಗದು.

ಹಿತ್ತಾಳೆ ಪಾತ್ರೆಗೆ ಬರೋಣ. ತುಂಬ ಮನೆಗಳಲ್ಲಿ ಅವು ಈಗ ಹೂಕುಂಡ ಆಗಿವೆ, ನೋಡಿದರೆ ಬೇಜಾರಾಗುತ್ತದೆ. ಹಿತ್ತಾಳೆಯಲ್ಲಿ ಸಾರು, ಹುಳಿ ಮಾಡಬಹುದು, ಆದರೆ ಒಳಗೆ ಕಲಾಯಿ, ಅಂದರೆ ತವರದ ಲೇಪ, ಇರಲೇಬೇಕು. ಕಲಾಯಿ ಇಲ್ಲದ ಪಾತ್ರೆಗೆ ಹುಳಿ ಬಿದ್ದರೆ ಕಿಲುಬು, ಅದು ಹೊಟ್ಟೆಗೆ ಹೋಗಬಾರದು. ಕಲಾಯಿ ಹಾಕುವುದನ್ನು ನೀವು ನೋಡಿದ್ದೀರಾ? ನಾವು ಮಕ್ಕಳಾಗಿದ್ದಾಗ ಕಲಾಯಿಯವರು ಬಂದರೆ ಸಾಕು, ಬೀದಿಯ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ನೆಲದಲ್ಲಿ ಗುಂಡಿ ತೋಡಿ ತಿದಿಯೊತ್ತಿ ಕೆಂಡ ಮಾಡುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬುಸ್ಸಂತ ಬಿಳಿ ಹೊಗೆ, ಮೂಗಿಗೆ ಘಾಟು. ಅದರ ಹಿಂದೆಯೇ ತವರದ ಕಡ್ಡಿ ಮುಟ್ಟಿಸುವುದು, ಅದು ಬೆಣ್ಣೆಯ ಹಾಗೆ ಕರಗಿದ ಕೂಡಲೇ ಹತ್ತಿಯ ಉಂಡೆಯಿಂದ ಒಳಗೆಲ್ಲ ಬಳಿಯುವುದು, ಆಮೇಲೆ ಚುಂಯ್ ಅಂತ ನೀರಿಗೆ. ಹಳದಿ ಪಾತ್ರೆಯ ಒಳಗೆ ಬೆಳ್ಳಿ ಬೆಳಗಾಗಿಬಿಡುತ್ತಿತ್ತು.

ಈಗಲೂ ಹಳೆ ಪೇಟೆಗಳಲ್ಲಿ, ಪಾತ್ರೆ ಅಂಗಡಿಗಳ ಸಾಲಿನಲ್ಲಿ ಕೇಳಿದರೆ ಕಲಾಯಿ ಮಾಡುವವರು ಸಿಗುತ್ತಾರೆ. ಆದರೆ ಪಾತ್ರೆ ಕೊಟ್ಟು ಬಂದುಬಿಡಬೇಡಿ, ಎದುರಿಗೆ ನಿಂತು ಮಾಡಿಸಿ. ಶುದ್ಧ ತವರವೇ ಬೇಕು, ಸೀಸ ಬೆರೆತದ್ದು ಬೇಡ, ಸೀಸ ವಿಷ. ಪರೀಕ್ಷೆ ಒಂದಿದೆ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕರಕರ ಅಂತ ಸಣ್ಣ ಸದ್ದು ಬರುತ್ತದೆ, ತವರದ ಗುಣವೇ ಅದು. ಸದ್ದೇ ಬರದಿದ್ದರೆ ಅನುಮಾನಪಡಿ. ಮನೆಗೆ ತಂದ ಮೇಲೆ ಆ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲೆ ಇಡಬಾರದು. ತವರ 232 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಮೊದಲು ನೀರೋ ಬೇಳೆಯೋ ಹಾಕಿ, ಆಮೇಲೆ ಒಲೆ ಹಚ್ಚಿ. ಅದರಲ್ಲಿ ಹುರಿಯುವುದು ಬೇಡ, ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಹಾಕಿ. ಒಳಗೆ ಸ್ಟೀಲ್ ಉಜ್ಜು ತಾಗಿಸಬೇಡಿ. ಹೊರಗೆ ಹುಣಸೆಹಣ್ಣು, ಉಪ್ಪು ಹಾಕಿ ಎಷ್ಟು ಬೇಕಾದರೂ ತಿಕ್ಕಿ. ಒಳಗೆ ಹಳದಿ ಇಣುಕಿತು ಅಂದರೆ ಮತ್ತೆ ಕಲಾಯಿಗೆ ಹೊತ್ತಾಯಿತು ಅಂತ.

ಕಲ್ಲುಮರಿಗೆ ಇದ್ದವರು ಪುಣ್ಯವಂತರು. ಬಳಪದ ಕಲ್ಲಿನಲ್ಲಿ ಕಡೆದ ಪಾತ್ರೆ ಅದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು, ಅದನ್ನು ಕಟ್ಟಿದ್ದೂ ಇಂಥ ಮೆತ್ತನೆಯ ಕಲ್ಲಿನಲ್ಲೇ, ಇವತ್ತಿಗೂ ಆ ಸೂಕ್ಷ್ಮ ಕೆತ್ತನೆ ನಿಂತಿದೆಯಲ್ವಾ. ಹೊಸ ಮರಿಗೆಗೆ ಹರಿಶಿನ ಕಲಸಿದ ಎಣ್ಣೆ ಹಚ್ಚಿ ಎರಡು ಮೂರು ದಿನ ಇಡಿ, ಆಮೇಲೆ ಕೆಲವು ದಿನ ಬಿಸಿ ಗಂಜಿ ತುಂಬಿಸಿಡಿ, ಆಮೇಲೇ ಒಲೆಗೆ, ಅದೂ ಸಣ್ಣ ಉರಿಗೆ. ಒಲೆಯಿಂದ ಇಳಿಸಿದ ಮೇಲೂ ಸಾರು ಹತ್ತು ನಿಮಿಷ ಕೊತಕೊತ ಅನ್ನುತ್ತಿರುತ್ತದೆ, ಅದಕ್ಕೆ ಸ್ವಲ್ಪ ಮುಂಚೆಯೇ ಉರಿ ಆರಿಸಿ. ಎತ್ತಿ ಕುಕ್ಕಿದರೆ ಮಾತ್ರ ಒಡೆದೇ ಹೋಗುತ್ತದೆ.

ಉಪ್ಪಿನಕಾಯಿ ಜಾಡಿಯ ವಿಷಯದಲ್ಲಿ ನಾನು ಹಟಮಾರಿ. ಪ್ಲಾಸ್ಟಿಕ್ ಡಬ್ಬಿಗೆ ಮಿಡಿ ಹಾಕಲು ಬಿಡುವುದೇ ಇಲ್ಲ. ಉಪ್ಪು, ಹುಳಿ ಸೇರಿದರೆ ಸ್ಟೀಲ್‌ನಲ್ಲೂ ಕ್ರಮೇಣ ಸಣ್ಣ ತೂತು ಬೀಳುತ್ತವೆ. ಪ್ಲಾಸ್ಟಿಕ್ ಎಣ್ಣೆಯ ವಾಸನೆ ಹಿಡಿದುಕೊಂಡರೆ ಬಿಡುವುದೇ ಇಲ್ಲ. ಪಿಂಗಾಣಿ ಜಾಡಿಗೆ ಇದ್ಯಾವುದೂ ತಾಗದು. ತೊಳೆದು ಎರಡು ದಿನ ಬಿಸಿಲಿಗಿಟ್ಟು, ಒಂದು ಕೆಂಡದ ಮೇಲೆ ಚಿಟಿಕೆ ಇಂಗು ಹಾಕಿ ಅದರ ಮೇಲೆ ಜಾಡಿ ಬೋರಲು ಹಾಕಿ ಹೊಗೆ ಹಿಡಿಸಿ. ತುಂಬಿದ ಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಒಳಗಿನ ಹೊಳಪು ಎದ್ದಿದ್ದರೆ, ಕೂದಲೆಳೆಯ ಬಿರುಕು ಕಂಡರೆ ಆ ಜಾಡಿಯಲ್ಲಿ ಕಡ್ಡಿ, ಪೊರಕೆ ಇಡಿ, ಉಪ್ಪಿನಕಾಯಿ ಬೇಡ.

ಹತ್ತಿ ಹಾಸಿಗೆಯದೂ ಕಾವಲಿಯ ಕಥೆಯೇ. ಫೋಮ್ ಹಾಸಿಗೆ ನಡುವೆ ತಗ್ಗು ಬಿತ್ತು ಅಂದರೆ ಮುಗಿಯಿತು. ಹತ್ತಿ ಗಂಟು ಕಟ್ಟಿದರೆ ಬಿಚ್ಚಿ, ಹಿಂಜಿಸಿ, ಹೊಸ ಬಟ್ಟೆಗೆ ತುಂಬಿಸಿದರೆ ಮತ್ತೆ ಮೊದಲಿನ ಹಾಗೆ. ಎರಡು ಮೂರು ವರ್ಷಕ್ಕೊಮ್ಮೆ ಹಿಂಜಿಸಿದರೆ ಸಾಕು, ನಡುನಡುವೆ ಬಿಸಿಲು ಕಾಯಿಸಿ. ಕಂಬಳಿಯೂ ಅಷ್ಟೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಹೊಸದರಲ್ಲಿ ಬಿರುಸಾಗಿ ಚುಚ್ಚುತ್ತದೆ ಅಂತ ಮೂಲೆಗೆ ಹಾಕಬೇಡಿ, ಆ ಬಿರುಸಿನಲ್ಲಿ ಅರ್ಧ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯದು. ತಣ್ಣೀರಿನಲ್ಲಿ ಒಗೆದಂತೆಲ್ಲ ಮೆತ್ತಗಾಗುತ್ತದೆ. ಮಡಿಸಿಡುವಾಗ ನಡುವೆ ಒಣ ಬೇವಿನ ಎಲೆ ಹಾಕಿ.

ಹಳೆಯದೆಲ್ಲ ಇಟ್ಟುಕೊಳ್ಳಿ ಅಂತ ನಾನು ಹೇಳೋದಿಲ್ಲ. ಸೌದೆ ಒಲೆಯ ಹೊಗೆ ಕುಡಿದು ನಮ್ಮಮ್ಮ ಕೊನೆಗಾಲದಲ್ಲಿ ಕೆಮ್ಮಿದ್ದು ನನಗಿನ್ನೂ ನೆನಪಿದೆ, ಅದು ಯಾರಿಗೂ ಬೇಡ. ದಿನಾ ದೋಸೆ ಹಿಟ್ಟನ್ನು ಒರಳಿನಲ್ಲಿ ರುಬ್ಬಿ ಅಂತಲೂ ಹೇಳಲಾರೆ. ಗ್ರೈಂಡರ್ ಒಳಗಿರುವುದೂ ಕಲ್ಲೇ, ತಿರುಗಿಸುವ ಕೈ ಮಾತ್ರ ಬೇರೆ. ಒಂದು ಸಣ್ಣ ಕುಟ್ಟಾಣಿ ಇರಲಿ, ಶುಂಠಿ ಮೆಣಸು ಜಜ್ಜಲು. ಹಳೆ ಸೀಲಿಂಗ್ ಫ್ಯಾನು ತಿರುಗುತ್ತಲೇ ಇರುತ್ತದೆ, ನಿಜ, ಆದರೆ ಅದು ಸುಮಾರು 75 ವ್ಯಾಟ್ ತಿನ್ನುತ್ತದೆ, ಈಗಿನ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ ಹತ್ತು ಗಂಟೆ ಹಾಕಿದರೆ ತಿಂಗಳಿಗೆ ಸುಮಾರು ಹದಿಮೂರೂವರೆ ಯೂನಿಟ್ ವ್ಯತ್ಯಾಸ. ಅದನ್ನು ಬದಲಾಯಿಸಿ. ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ ಇದ್ದರೆ ಮಾತ್ರ ಕೊಡಬೇಡಿ. ನನ್ನದು 1974ರದು. ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತೇನೆ, ಕೆಲವು ವರ್ಷಕ್ಕೊಮ್ಮೆ ಬೆಲ್ಟ್ ಬದಲಾಯಿಸುತ್ತೇನೆ, ಬೇರೇನೂ ಕೇಳಿಲ್ಲ ಅದು.

ಮನೆಯಲ್ಲಿ ಇಂಥದ್ದು ಇಲ್ಲದವರು ಗುಜರಿ ಅಂಗಡಿಗೆ, ಹಳೆ ಪಾತ್ರೆ ಮಾರುವವರ ಹತ್ತಿರ ಒಮ್ಮೆ ಹೋಗಿ ಬನ್ನಿ. ಬೀಡಿನ ಕಾವಲಿ ಕೊಳ್ಳುವಾಗ ತುಕ್ಕಿಗೆ ಹೆದರಬೇಡಿ, ಅದು ಹೋಗುತ್ತದೆ. ಹಿಡಿಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂತ ಎಳೆದ ಹಾಗೆ ಸದ್ದು ಬಂದರೆ ಗಟ್ಟಿ, ದುಡ್ಡು ಕೊಟ್ಟು ಚೀಲಕ್ಕೆ ಹಾಕಿ. ದಡ್ ಅಂತ ಸದ್ದು ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಸರಿ, ಕೆಳಗಿಟ್ಟು ಮುಂದಿನದನ್ನು ತಟ್ಟಿ ನೋಡಿ.