ರಾತ್ರಿ ಊಟ ನಿಲ್ಲಿಸಿದ ಮೇಲೆ ನಮ್ಮ ಸ್ಟಾರ್ಟಪ್ ಹಳಿಗೆ ಬಂತು

ಹತ್ತಿರ ಹತ್ತಿರ ಒಂದೂವರೆ ವರ್ಷದಿಂದ ನಮ್ಮ ಟೀಮ್ ಸಂಜೆ ಆರೂವರೆಗೆ ಮನೆಗೆ ಹೊರಡುತ್ತಿದೆ. ಇದು ನಡೆಯಲ್ಲ ಎಂದವರೇ ಜಾಸ್ತಿ. ನಮ್ಮಲ್ಲಿ ದುಡ್ಡು ಹಾಕಿರುವ ಹಿರಿಯರೊಬ್ಬರು, "ಇದೇನು ಸರ್ಕಾರಿ ಆಫೀಸಾ? ಪ್ಯಾಶನ್ ಇರೋರು ಗಡಿಯಾರ ನೋಡ್ತಾರಾ?" ಎಂದು ಎಲ್ಲರ ಎದುರೇ ಕೇಳಿದ್ದರು. ಪಾರ್ಟ್‌ನರ್ ಒಂದಷ್ಟು ದಿನ ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ಈಗ ಅದೇ ಹಿರಿಯರು ತಾವು ದುಡ್ಡು ಹಾಕಿರುವ ಬೇರೆ ಕಂಪನಿಗಳ ಹುಡುಗರನ್ನು "ಹೋಗಿ ಕೇಳ್ಕೊಂಡು ಬನ್ನಿ" ಅಂತ ನನ್ನ ಹತ್ತಿರ ಕಳಿಸುತ್ತಾರೆ. ಬಂದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಆಫೀಸು, ಹದಿನೆಂಟು-ಇಪ್ಪತ್ತು ಜನ. ಅಂಗಡಿಯವರಿಗೆ ರಶ್ ಇರುವುದೇ ಸಂಜೆ ಏಳರಿಂದ ಒಂಬತ್ತೂವರೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಎರಡು ತಾರೀಖಿನ ಸುತ್ತ ಸಪೋರ್ಟ್‌ನವರಿಗೆ ಫೋನ್ ಕೆಳಗಿಡಲು ಪುರುಸೊತ್ತಿಲ್ಲ. ಹಾಗಾಗಿ "ಆರೂವರೆಗೆ ಎಲ್ಲರೂ ಹೊರಡಿ" ಎಂದು ಒಂದು ಮೇಲ್ ಹಾಕಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮಲ್ಲಿ ಅದು ಆಗಲೇ ಮಾಮೂಲಿಯಾಗಿತ್ತು. ಆಗ ನಾನು ಕೂತು ಒಂದು ಲೆಕ್ಕ ಹಾಕಿದೆ. 1961ರ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48. ಅದರ ಮೇಲೆ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ. 70 ಗಂಟೆ ಅಂದರೆ 22 ಗಂಟೆ ಓಟಿ, ಕೊಡಬೇಕಾದ್ದು 92 ಗಂಟೆಯ ಸಂಬಳ. ಯಾರು ಕೊಡುತ್ತಾರೆ ಹೇಳಿ? ಕೊಡದೇ ಉಳಿದ ಆ ದುಡ್ಡಿಗೆ ನಾವೆಲ್ಲ ಪ್ಯಾಶನ್ ಅಂತ ಹೆಸರಿಟ್ಟುಕೊಂಡಿದ್ದೇವೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆವು. ಕಾಂಪ್‌ಆಫ್, ಅಂದರೆ ಹೆಚ್ಚು ದುಡಿದದ್ದಕ್ಕೆ ಬದಲಿ ರಜೆ, ಕೊಟ್ಟೆವು. ಯಾರೂ ತಗೊಳ್ಳಲಿಲ್ಲ, ಶೀಟ್‌ನಲ್ಲಿ ರಾಶಿ ಬಿತ್ತು. ರಜೆಗೆ ಮಿತಿಯಿಲ್ಲ ಎಂದೆವು. ಜನ ಮೊದಲಿಗಿಂತ ಕಡಿಮೆ ರಜೆ ಹಾಕಿದರು, ಎಷ್ಟು ಕೇಳಿದರೆ ಸರಿ ಅಂತ ಗೊತ್ತಾಗದೆ. ಬುಧವಾರ ಮೀಟಿಂಗ್ ಇಲ್ಲ ಎಂದರೆ ಗುರುವಾರ ಡಬಲ್ ಆಯಿತು. ಏಳಕ್ಕೆ ವಿಪಿಎನ್ (ಹೊರಗಿನಿಂದ ಆಫೀಸ್ ಸಿಸ್ಟಮ್‌ಗೆ ಸೇರುವ ದಾರಿ) ಕಟ್ ಮಾಡಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಹುಡುಗರು ಕೋಡನ್ನು ಲೋಕಲ್‌ನಲ್ಲಿ ಬರೆದಿಟ್ಟುಕೊಂಡು ಪಿಜಿಯಲ್ಲಿ ಕೂತು ಕೆಲಸ ಮಾಡಿದರು, ಬೆಳಿಗ್ಗೆ ಎಲ್ಲರ ಕೋಡನ್ನೂ ಒಟ್ಟಿಗೆ ಮರ್ಜ್ ಮಾಡಿದರು, ಒಬ್ಬರದು ಇನ್ನೊಬ್ಬರದಕ್ಕೆ ಡಿಕ್ಕಿ ಹೊಡೆಯಿತು. ಆ ವಾರದ ಕಾನ್‌ಫ್ಲಿಕ್ಟ್‌ಗಳನ್ನು ನಮ್ಮ ಲೀಡ್ ಇನ್ನೂ ಮರೆತಿಲ್ಲ. ಒಂದು ಯೋಗ ಕ್ಲಾಸ್‌ಗೆ ಮೂವತ್ತು ಸಾವಿರದ ಹತ್ತಿರ ಕಟ್ಟಿದೆವು. ಬಂದವರು ಎಚ್‌ಆರ್ ಮತ್ತು ಇಬ್ಬರು ಇಂಟರ್ನ್.

ದಾರಿ ಸಿಕ್ಕಿದ್ದು ಊಟದ ಬಿಲ್‌ನಲ್ಲಿ. ನಿಮ್ಮಲ್ಲೂ ಇರಬಹುದು: ಎಂಟೂವರೆಗೆ ಫ್ರೀ ಊಟ, ಒಂಬತ್ತರ ಮೇಲೆ ಕ್ಯಾಬ್. ಒಂದು ವಾರ ನಾನು ಸುಮ್ನೆ ಕೂತು ನೋಡಿದೆ. ಆರೂವರೆಗೆ ಅರ್ಧ ಜನರ ಕೆಲಸ ಮುಗಿದಿರುತ್ತಿತ್ತು. ಆದರೆ ಪಿಜಿಯ ಊಟ ಯಾರಿಗೆ ಬೇಕು? ಟಿಟಿ ಟೇಬಲ್, ರೀಲ್ಸ್, ಕಾಫಿ. ಎಂಟೂವರೆಗೆ ಊಟ. ಉಂಡ ಮೇಲೆ ಕ್ಯಾಬ್‌ಗೆ ಇನ್ನು ಅರ್ಧ ಗಂಟೆ ತಾನೆ, ಅಷ್ಟರಲ್ಲಿ ಕೋಡ್‌ಗೆ ಒಂದು ಸಣ್ಣ ಫಿಕ್ಸ್ ಪುಶ್ ಮಾಡೋಣ ಅಂತ ಕೂರುತ್ತಿದ್ದರು. ಮನೆಯಲ್ಲಿ ಮಕ್ಕಳಿರುವವರು ಎಲ್ಲರೂ ಕೂತಿದ್ದಾರಲ್ಲ ಎಂದು ಹೊರಡಲು ಹಿಂಜರಿಯುತ್ತಿದ್ದರು.

ಆ "ಸಣ್ಣ ಫಿಕ್ಸ್" ನಮ್ಮನ್ನು ಕೊಲ್ಲುತ್ತಿತ್ತು. ಆರು ತಿಂಗಳ ಕಮಿಟ್‌ಗಳನ್ನೂ (ಕೋಡ್‌ಗೆ ಸೇರಿಸಿದ ಬದಲಾವಣೆಗಳು) ರೋಲ್‌ಬ್ಯಾಕ್‌ಗಳನ್ನೂ (ಕೆಟ್ಟಿತೆಂದು ವಾಪಸ್ ತೆಗೆದವು) ಒಂದೇ ಶೀಟ್‌ಗೆ ತಂದೆ. ರಾತ್ರಿ ಎಂಟರ ಮೇಲಿನ ಕಮಿಟ್ ಒಟ್ಟಿನಲ್ಲಿ ಮೂರನೇ ಒಂದು ಭಾಗವೂ ಇರಲಿಲ್ಲ. ರೋಲ್‌ಬ್ಯಾಕ್ ಆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವೇ. ಯಾವ ಬಗ್ ಯಾವ ಕಮಿಟ್‌ನಿಂದ ಬಂತು ಅಂತ ಜೋಡಿಸಿದ ರೀತಿಯನ್ನು ಮಾತ್ರ ನಾನು ಹೇಳುವುದಿಲ್ಲ, ಅದು ನಮ್ಮ ಕೈಚಳಕ. ಆ ಶೀಟ್ ತೋರಿಸಿದ ದಿನ ಪಾರ್ಟ್‌ನರ್ ವಾದ ಮಾಡುವುದನ್ನು ನಿಲ್ಲಿಸಿದ.

ಊಟ ನಿಲ್ಲಿಸಿದೆವು. ಗಲಾಟೆಯಾಯಿತು, ಆಗಲೇಬೇಕಿತ್ತು. ಪಿಜಿ ಹುಡುಗರಿಗೆ ಅದು ನಿಜವಾಗಿಯೂ ಅನ್ನದ ಪ್ರಶ್ನೆ. ಅದಕ್ಕೆ ಅದೇ ದುಡ್ಡಿನ ಒಂದು ಪಾಲನ್ನು ಬೆಳಿಗ್ಗೆಗೆ ಹಾಕಿದೆವು. ಪಕ್ಕದ ದರ್ಶಿನಿಯಿಂದ ಇಡ್ಲಿ-ವಡೆ, ವಾರಕ್ಕೊಮ್ಮೆ ಮಸಾಲೆ ದೋಸೆ, ಎಂಟೂ ಮುಕ್ಕಾಲರಿಂದ ಒಂಬತ್ತೂ ಕಾಲರವರೆಗೆ ಮಾತ್ರ. ಹತ್ತೂವರೆಗೆ ಕಣ್ಣುಜ್ಜಿಕೊಂಡು ಬರುತ್ತಿದ್ದವರು ಒಂಬತ್ತಕ್ಕೆ ಬರತೊಡಗಿದರು. ಸಿಲ್ಕ್ ಬೋರ್ಡ್ ದಾಟಿ ಬರುವವರು ಟ್ರಾಫಿಕ್ ಏರುವ ಮೊದಲೇ ಹೊರಟರು. ಇದನ್ನು ನಾವು ಅಂದಾಜು ಮಾಡಿರಲಿಲ್ಲ, ಸುಮ್ನೆ ಸಿಕ್ಕ ಲಾಭ.

ಜೊತೆಗೆ ಮಾಡಿದ್ದು: ನಾಲ್ಕರ ಮೇಲೆ ರಿಲೀಸ್ ಇಲ್ಲ, ಶುಕ್ರವಾರ ಇಲ್ಲವೇ ಇಲ್ಲ. ರಾತ್ರಿ ಆನ್‌ಕಾಲ್‌ಗೆ (ಏನಾದರೂ ಕೆಟ್ಟರೆ ಕಾಲ್ ಎತ್ತಲು) ಇಬ್ಬರು, ವಾರದ ಪಾಳಿ, ತಲೆಗೆ ಐದಾರು ಸಾವಿರ ಪ್ರತ್ಯೇಕ. ಅವರು ಮಧ್ಯಾಹ್ನ ಹನ್ನೆರಡರ ಮೇಲೆ ಬಂದರೆ ಸಾಕು. ಸಪೋರ್ಟ್‌ಗೂ ಹೀಗೇ ಎರಡು ಪಾಳಿ. ದುಡ್ಡು ಕೊಡಲು ಶುರು ಮಾಡಿದ ಮೇಲೆ ರಾತ್ರಿ ಕಾಲ್‌ಗಳು ನಮ್ಮ ಕಣ್ಣಿಗೆ ಬಿದ್ದವು. ಅಲ್ಲಿಯವರೆಗೆ ಪುಕ್ಕಟೆ ಆಗುತ್ತಿತ್ತಲ್ಲ, ಯಾರೂ ಎಣಿಸಿರಲಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಅವು ಅರ್ಧಕ್ಕಿಳಿದವು.

ಇನ್ನು ಪ್ಯಾಶನ್ ವಿಷಯ. ಒಂದು ಪಕ್ಕದ ಪ್ರಯೋಗ ಹೇಳುತ್ತೇನೆ. ಡೆವಲಪರ್‌ಗಳನ್ನು ಆಗಾಗ ಅರ್ಧ ದಿನ ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಕೂರಿಸಿದೆವು. ತುಮಕೂರಿನ ಒಂದು ಅಂಗಡಿಗೆ ಹೋದ ಹುಡುಗ ಮಾತು ಕಡಿಮೆ, ಪಾಪ, ಅಪ್ರೈಸಲ್‌ನಲ್ಲಿ ಯಾರೋ "ಲೋ ಎನರ್ಜಿ" ಅಂತ ಬರೆದಿದ್ದರು. ಅಲ್ಲಿ ಒಬ್ಬ ಅಜ್ಜಿ ಬಿಲ್ ಹಿಡಿದು "ಇದೇನಪ್ಪ, ಅಕ್ಷರ ಅರ್ಧರ್ಧ ಐತೆ" ಎಂದರಂತೆ. ಎರಡಿಂಚಿನ ಥರ್ಮಲ್ ಪ್ರಿಂಟರ್‌ನಲ್ಲಿ ಲೈನ್ ಹೈಟ್ ಸಾಲದೆ ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿ ಹೋಗುತ್ತಿದ್ದವು. ಇನ್ನೊಂದು, ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಬಿಡಿಯಾಗಿ ಕೊಡುವಾಗ ಅಂಗಡಿಯವರು ಬ್ಯಾಚ್ ನಂಬರನ್ನು ಮತ್ತೆ ಒತ್ತಬೇಕಿತ್ತು. ಹಿಂದೆ ಹತ್ತು ಜನ ನಿಂತಿರುವಾಗ ಯಾರು ಒತ್ತುತ್ತಾರೆ? ಸ್ಟಾಕ್ ತಪ್ಪುತ್ತಿದ್ದದ್ದೇ ಅಲ್ಲಿ. ಇವೆರಡೂ ನಮ್ಮ ಬಾಕಿ ಕೆಲಸದ ಬೋರ್ಡ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದವು. ಹುಡುಗ ವಾಪಸ್ ಬಂದು ಒಂದೇ ವಾರದಲ್ಲಿ ಎರಡನ್ನೂ ಮುಗಿಸಿದ. ಒಂದು ದಿನವೂ ಆರೂವರೆ ದಾಟಲಿಲ್ಲ. ಆ ಬಿಲ್‌ನ ಫೋಟೋ ಇವತ್ತಿಗೂ ಅವನ ಡೆಸ್ಕ್ ಮೇಲಿದೆ. ಕೆಲಸದ ಮೇಲಿನ ಪ್ರೀತಿ ಅಂದರೆ ನನಗೆ ಇದು. ಹೊಸಬರನ್ನು ತಗೊಳ್ಳುವಾಗ ಇದನ್ನು ಗುರುತಿಸಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ರೆಡಿ ಮಾಡಿಕೊಂಡು ಬರುತ್ತಾರೆ, ಅದಕ್ಕೇ ಬರೆಯುವುದಿಲ್ಲ.

ದುಡ್ಡಿಗೆ ಬರೋಣ. ಮೊದಲು ರಾತ್ರಿ ಊಟಕ್ಕೆ ತಿಂಗಳಿಗೆ ಸುಮಾರು ಅರವತ್ತು ಸಾವಿರ, ಕ್ಯಾಬ್‌ಗೆ ಲಕ್ಷದ ಹತ್ತಿರ. ಈಗ ತಿಂಡಿಗೆ ಇಪ್ಪತ್ತೈದು ಸಾವಿರ, ಆನ್‌ಕಾಲ್‌ಗೆ ಐವತ್ತರೊಳಗೆ, ತಡವಾಗಿ ಉಳಿಯುವ ಪಾಳಿಯವರ ಕ್ಯಾಬ್ ಹದಿನೈದು-ಇಪ್ಪತ್ತು. ಇದು ಸಣ್ಣ ಉಳಿತಾಯ. ದೊಡ್ಡದು ಇರುವುದು ಜನ ಬಿಟ್ಟು ಹೋಗದೇ ಇರುವುದರಲ್ಲಿ. ವರ್ಷಕ್ಕೆ ಹದಿನೈದು ಲಕ್ಷ ಸಂಬಳದ ಒಬ್ಬರು ಬಿಟ್ಟರೆ, ಹೊಸಬರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗೆ ಅದರ 8.33 ಪರ್ಸೆಂಟ್, ಅಂದರೆ ಲಕ್ಷದ ಇಪ್ಪತ್ತೈದು ಸಾವಿರ. ಹೊಸಬರ ನೋಟಿಸ್ ಪೀರಿಯಡ್ ಅಂತ ಎರಡು-ಮೂರು ತಿಂಗಳು ಕಾಯಬೇಕು. ಬಂದವರು ಕೋಡ್‌ಗೆ ಕೈಹಾಕಲು ಇನ್ನೆರಡು ತಿಂಗಳು. ಎಲ್ಲ ಸೇರಿ ಒಬ್ಬರಿಗೆ ನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲ. ಹಿಂದಿನ ವರ್ಷ ಆರೇಳು ಜನ ಬಿಟ್ಟಿದ್ದರು. ಆಮೇಲೆ ಇಬ್ಬರು, ಅದರಲ್ಲಿ ಒಬ್ಬರು ಓದಲು ಜರ್ಮನಿಗೆ ಹೋದದ್ದು. ನಮ್ಮ ಸೈಜಿನ ಕಂಪನಿಯಲ್ಲಿ ಈ ಸಂಖ್ಯೆ ಇರುವವರು ಇದ್ದರೆ ನನಗೆ ತೋರಿಸಿ.

ಮಾರ್ಚ್ ಕೊನೆ ಇನ್ನೂ ಬಗೆಹರಿದಿಲ್ಲ. ವರ್ಷದ ಸ್ಟಾಕ್ ಕ್ಲೋಸಿಂಗ್ ಬಂದಾಗ ಎರಡು ವಾರ ಎಲ್ಲರೂ ತಡವಾಗಿ ಕೂರುತ್ತಾರೆ, ನಾನೂ ಕೂರುತ್ತೇನೆ. ಈ ಸಲ ಆ ಎರಡು ವಾರದ ಹೆಚ್ಚಿನ ಗಂಟೆಗಳಿಗೆ ಕಾಯ್ದೆಯ ಪ್ರಕಾರ ದುಪ್ಪಟ್ಟು ಕೊಡುವುದಾಗಿ ಫೆಬ್ರವರಿಯಲ್ಲೇ ಎಲ್ಲರಿಗೂ ಹೇಳಿದ್ದೇವೆ. ಪಾರ್ಟ್‌ನರ್ ಹಾಕಿದ ಅಂದಾಜು ಮೂರು ಲಕ್ಷ, ನಂದು ಎರಡು. ಏಪ್ರಿಲ್ ಸಂಬಳದ ಜೊತೆ ಕೊಡುತ್ತೇವೆ.